ಮಾವನ ಎಡಗೈ

ಬೈಕಿನ ಹೊಸ ಕ್ಲಚ್ ಲಿವರ್ ಬೇಕಾದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಸುತ್ತಿದ್ದ ಪ್ಲಾಸ್ಟಿಕ್ ಹರಿದು ಅವನು ಅದನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದ, ತೂತಿನ ಸುತ್ತ ಉಗುರು ಆಡಿಸಿದ. ಆಮೇಲೆ ತಾನು ಏನು ಮಾಡುತ್ತಿದ್ದೇನೆಂಬುದು ಅರಿವಾಗಿ ನಾಚಿಕೆಯಾಯಿತು. ಭಾನುವಾರವೂ ಬಿಡದ ಚಟ. ಎರಕದ ಕಾರ್ಖಾನೆಯಲ್ಲಿ ಅವನ ಕೆಲಸವೇ ಇದು: ಅಚ್ಚಿನಿಂದ ಬಂದ ತುಂಡುಗಳನ್ನು ಒಂದೊಂದಾಗಿ ಎತ್ತಿಕೊಂಡು ಬಿರುಕು ಹುಡುಕುವುದು, ಕಂಡರೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ಬುಟ್ಟಿಗೆ ಎಸೆಯುವುದು. ಕೂದಲೆಳೆಯಷ್ಟು ಬಿರುಕಿದ್ದರೂ ಅವನ ಕಣ್ಣು ಬಿಡುವುದಿಲ್ಲ ಎಂದು ಅಲ್ಲಿ ಹೆಸರಿತ್ತು. ಈ ವಾರವೆಲ್ಲ ಆ ಹೆಸರು ನೆನಪಾದಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ.

"ಏನ್ ಅಳಿಯಂದ್ರೇ, ಅದು ಹಾಕೋ ಲಿವರ್ರೋ, ಮುದ್ದಾಡೋ ಲಿವರ್ರೋ?" ಎಂದರು ಮಾವ.

ವರಾಂಡದ ಗೋಡೆಗೆ ಒತ್ತಿಸಿದ ಕುರ್ಚಿಯಲ್ಲಿ ಅವರು ಕೂತಿದ್ದರು. ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಲಕ್ವ ಹೊಡೆದ ಮೇಲೆ ಎಡಗಡೆಯ ತುಟಿ ಪೂರ್ತಿ ಎದ್ದಿರಲಿಲ್ಲವಾದ್ದರಿಂದ ಮಾತು ಸ್ವಲ್ಪ ಒದ್ದೆಯಾಗಿ ಬರುತ್ತಿತ್ತು, ಆದರೆ ಮೊನಚು ಎಲ್ಲೂ ಹೋಗಿರಲಿಲ್ಲ. ಬೆಳಿಗ್ಗೆ ಎದ್ದವರೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳ ಕೈಲಿ ಬೂಟಿನ ಲೇಸು ಕಟ್ಟಿಸಿಕೊಂಡು ಬಂದು ಕೂತಿದ್ದರು. ಅಂಗಿಯ ಜೇಬು ಉಬ್ಬಿತ್ತು. ಅದರೊಳಗೆ ಕರವಸ್ತ್ರದಲ್ಲಿ ಸುತ್ತಿದ ಹಳೇ ಲಿವರಿನ ಮುರಿದ ತುಂಡು. ವಾರದಿಂದ ಅದು ಅಲ್ಲೇ ಇತ್ತು. ಅಂಗಿ ಬದಲಾದರೆ ಅದೂ ಹೊಸ ಅಂಗಿಗೆ ಹೋಗುತ್ತಿತ್ತು. ಹಾಲಿನವನಿಗೆ ತೋರಿಸಿದ್ದಾಯಿತು, ಎದುರುಮನೆಯವರಿಗೆ ತೋರಿಸಿದ್ದಾಯಿತು, ವ್ಯಾಯಾಮ ಮಾಡಿಸಲು ಬರುವ ಫಿಜಿಯೋಥೆರಪಿಯ ಹುಡುಗಿಗೆ ಎರಡು ಸಲ ತೋರಿಸಿದ್ದಾಯಿತು. "ಅಲ್ಯೂಮಿನಿಯಂ ಅಮ್ಮಾ! ಸತ್ತ ಕೈ ಅಂದಿದ್ರಲ್ಲ, ಈ ಸತ್ತ ಕೈ ಮುರಿದಿದ್ದು!"

ಇವತ್ತು ಲಿವರ್ ಕೂತ ಮೇಲೆ ಮಾವ ಗಾಡಿ ಓಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆಗ ಅವನೂ ಅಲ್ಲೇ ಊಟಕ್ಕೆ ಕೂತಿದ್ದ. ಯಾರೂ ಅವನನ್ನು ಕೇಳಲಿಲ್ಲ, ಅವನೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಬೀದಿಯ ಕೊನೆಯವರೆಗೆ ಒಂದೇ ಒಂದು ಸುತ್ತು. ಹಿಂದೆ ಅವನು ಕೂತಿರಬೇಕು, ಏನಾದರೂ ಹೆಚ್ಚುಕಮ್ಮಿಯಾದರೆ ಹಿಡಿದುಕೊಳ್ಳಬೇಕು. "ಕಾಲು ಆಗ್ಲೇ ಸರಿಹೋಗಿದೆ. ಎಡಗೈಗೆ ಹಿಡಿತ ಬಂದ್ರೆ ಓಡಿಸಬಹುದು ಅಂತ ಡಾಕ್ಟ್ರೇ ಹೇಳಿದ್ರಲ್ಲ. ಬಂತಲ್ಲ ಹಿಡಿತ!" ಎಂದಿದ್ದಳು ಹೆಂಡತಿ, ಅಪ್ಪನ ಬೆನ್ನು ಸವರುತ್ತ. ಹಿಡಿತ ಬಂದಿಲ್ಲವೆಂಬುದು ಆ ಮನೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ. ಲಿವರ್ ಮುರಿದದ್ದು ಮಾವನ ಕೈಯ ಬಲದಿಂದಲ್ಲ. ಅದು ಹಿಂದಿನ ಸಂಜೆಯೇ ಬಿರುಕು ಬಿಟ್ಟಿತ್ತು, ಬಿಡಿಸಿದವನು ಅವನೇ. ಹೇಳಿದರೆ ಮುದುಕನ ಮುಖದಲ್ಲಿ ಇಷ್ಟು ದಿನಕ್ಕೆ ಬಂದ ಕಳೆ ಆರಿಹೋಗುತ್ತದೆ, ತನ್ನ ಮುಖವಂತೂ ಎತ್ತುವ ಹಾಗೇ ಇರುವುದಿಲ್ಲ. ಹೇಳದಿದ್ದರೆ ಮಾವ ಆ ಕೈ ನಂಬಿಕೊಂಡು ರಸ್ತೆಗಿಳಿಯುತ್ತಾರೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಒಂದು ವಾರ ಬಾಯಲ್ಲಿ ಇಟ್ಟುಕೊಂಡೇ ತಿರುಗಿದ್ದ.

ಗೋಣಿಚೀಲ ಹಾಸಿಕೊಂಡು ಗಾಡಿಯ ಎಡಗಡೆ ಮಂಡಿಯೂರಿ ಕೂತ. ಲಿವರ್ ಕೂರುವ ಜಾಗದ ಕೆಳಗಿನ ನಟ್ಟಿಗೆ ಸ್ಪ್ಯಾನರ್ ಕೊಟ್ಟು ತಿರುಗಿಸಿದರೆ ಮೇಲಿನ ಸ್ಕ್ರೂ ಕೂಡ ಜೊತೆಗೇ ತಿರುಗುತ್ತಿತ್ತು. ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಒತ್ತಿಹಿಡಿದು ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಎಳೆದ. ಸ್ಪ್ಯಾನರ್ ಜಾರಿತು, ಗೆಣ್ಣಿನ ಚರ್ಮ ಕಿತ್ತು ರಕ್ತ ಬಂತು. ಕುರ್ಚಿಯ ಕಡೆಯಿಂದ ನಾಲಿಗೆ ಲೊಚಗುಟ್ಟಿದ ಸದ್ದು. ಆ ಲೊಚಗುಟ್ಟುವುದು ಅವನಿಗೆ ಹಳೆಯದು. ಮಾವ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಅರ್ಧ ಊರಿಗೆ ಗಾಡಿ ಕಲಿಸಿದ್ದರು, ಊರವರು ಅವರನ್ನು ಕ್ಲಚ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವನಿಗೂ ಕಲಿಸಿದ್ದರು, ಇದೇ ಗಾಡಿಯಲ್ಲಿ, ಖಾಲಿ ಮೈದಾನದಲ್ಲಿ, ಬೇರೆ ಶಿಷ್ಯರೆಲ್ಲ ಸಾಲಾಗಿ ನಿಂತು ನೋಡುತ್ತಿರುವಾಗ. ಅವನು ಕ್ಲಚ್ ಬಿಟ್ಟ ಕೂಡಲೇ ಗಾಡಿ ಮುಗ್ಗರಿಸಿ ನಿಲ್ಲುತ್ತಿತ್ತು. "ಕ್ಲಚ್ ಬಿಡೋದು ಗೊತ್ತಿಲ್ದೋನು ಸಂಸಾರ ಹೇಗಪ್ಪಾ ಮಾಡ್ತಾನೆ?" ಎಂದು ಮಾವ ಲೊಚಗುಟ್ಟಿದ್ದರು. ಶಿಷ್ಯರೆಲ್ಲ ನಕ್ಕಿದ್ದರು. ಅವನೂ ನಕ್ಕಿದ್ದ. ಅದೇ ಅವನ ರೋಗ. ತನ್ನನ್ನು ನೋಡಿ ನಗುವವರ ಜೊತೆ ತಾನೂ ನಕ್ಕುಬಿಡುವುದು.

ಕಾರ್ಖಾನೆಯ ಗೇಟಿನ ಹತ್ತಿರವೂ ಹಾಗೇ ನಕ್ಕಿದ್ದ. ಪಾಳಿ ಬಿಡುವ ಹೊತ್ತು, ಎಲ್ಲರೂ ಒಟ್ಟಿಗೆ ಹೊರಬರುವ ಹೊತ್ತು. ಎರಕದ ಮರಳು ಗಾಳಿಗೆ ಬಂದು ಗೇಟಿನ ಇಳಿಜಾರಿನಲ್ಲಿ ತೆಳ್ಳಗೆ ಹರಡಿಕೊಂಡಿರುತ್ತದೆ. ಮುಂದಿನವರು ದಾರಿ ಬಿಡಲೆಂದು ಗಾಡಿ ನಿಲ್ಲಿಸಿ ಕಾಲೂರಿದ, ಕಾಲು ಸರ್ರನೆ ಜಾರಿತು. ಗಾಡಿ ನಿಧಾನಕ್ಕೆ, ಎಮ್ಮೆ ಮಲಗಿದ ಹಾಗೆ, ಎಡಕ್ಕೆ ಮಲಗಿತು. ಅವನೂ ಅದರ ಜೊತೆ ಮಲಗಿದ. "ಸಾರ್, ಓಡಿಸ್ತಾ ಬಿದ್ದೋರನ್ನ ನೋಡಿದ್ದೀನಿ, ನಿಂತಲ್ಲೇ ಬಿದ್ದೋರನ್ನ ಇವತ್ತೇ ನೋಡಿದ್ದು!" ಎಂದ ಗೇಟಿನ ಕಾವಲುಗಾರ. ನಗೆಯೋ ನಗೆ. ಎದ್ದು, ಮರಳು ಕೊಡವಿಕೊಂಡು, ತಾನೂ ಹಲ್ಲು ಬಿಟ್ಟು, ಗಾಡಿ ಎತ್ತಿ ತಳ್ಳಿಕೊಂಡು ತಿರುವಿನಾಚೆ ಹೋದ. ಅಲ್ಲಿ ಯಾರೂ ಇಲ್ಲದ ಕಡೆ ನಿಂತು ನೋಡಿದ. ಕ್ಲಚ್ ಲಿವರಿನ ಬುಡದಲ್ಲಿ, ಅದು ತಿರುಗುವ ತೂತಿನ ಪಕ್ಕದಲ್ಲೇ, ಕೂದಲೆಳೆಯಂಥ ಗೆರೆ. ಉಗುರು ಆಡಿಸಿದ; ಉಗುರು ಸಿಕ್ಕಿಕೊಂಡಿತು. ಬುಟ್ಟಿಗೆ ಎಸೆಯುವ ಮಾಲು. ಅದೇ ಬಿರುಕು ಕಾರ್ಖಾನೆಯ ಮೇಜಿನ ಮೇಲೆ ಕಂಡಿದ್ದರೆ ಯೋಚನೆಯೇ ಇಲ್ಲದೆ ಅವನ ಕೈ ಸೀಮೆಸುಣ್ಣಕ್ಕೆ ಹೋಗುತ್ತಿತ್ತು. ಅಲ್ಲಿ ನಿಂತು ಅವನು ಮಾಡಿದ್ದೇ ಬೇರೆ. ಚೈನಿನ ಹತ್ತಿರ ಮೆತ್ತಿಕೊಂಡಿದ್ದ ಕಪ್ಪು ಗ್ರೀಸನ್ನು ಹೆಬ್ಬೆರಳಲ್ಲಿ ತೆಗೆದು ಆ ಗೆರೆಯ ಮೇಲೆ ಸವರಿದ. ಗೆರೆ ಮುಚ್ಚಿಹೋಯಿತು. ಎರಡೇ ಬೆರಳಲ್ಲಿ ಲಿವರನ್ನು ಮೆಲ್ಲಗೆ ಎಳೆಯುತ್ತ, ಕಳ್ಳನ ಹಾಗೆ ಮನೆ ಸೇರಿದ.

ನಾಳೆ ಮಧ್ಯಾಹ್ನ ಬದಲಾಯಿಸಿದರಾಯಿತು ಎಂದುಕೊಂಡಿದ್ದ, ಸುಳ್ಳಲ್ಲ. ಹೇಳಿದ್ದರೆ ಏನಾಗುತ್ತಿತ್ತು ಎಂಬುದೂ ಗೊತ್ತಿತ್ತು. "ನನ್ನ ಕೈಲಿ ಇರೋ ತನಕ ಒಂದು ಗೀರೂ ಬಿದ್ದಿರ್ಲಿಲ್ಲ" ಎಂಬ ಮಾತು ಬರುತ್ತಿತ್ತು, ಅದರ ಹಿಂದೆ ಒಂದು ಲೊಚಗುಟ್ಟುವಿಕೆ, ಅದರ ಹಿಂದೆ ಹೆಂಡತಿಯ "ಅಪ್ಪನ ಗಾಡಿ ಅಂತ ಗೊತ್ತಿದ್ದೂ ಸ್ವಲ್ಪ ಹುಷಾರಾಗಿ ಓಡಿಸೋಕಾಗಲ್ವಾ?" ಅಪ್ಪನ ಗಾಡಿ, ಅಪ್ಪನ ಮನೆ, ಅಪ್ಪನ ಕುರ್ಚಿ. ಮಾವನಿಗೆ ಲಕ್ವ ಹೊಡೆದಾಗ ನೋಡಿಕೊಳ್ಳಲೆಂದು ಬಂದವರು ಇಲ್ಲೇ ಉಳಿದಿದ್ದರು. ಒಬ್ಬಳೇ ಮಗಳು, ಇನ್ನೇನು ಮಾಡುವುದು. ಬೀದಿಯಲ್ಲಿ ಅವನಿಗೆ ಬೇರೆ ಹೆಸರಿರಲಿಲ್ಲ, ಮೇಷ್ಟ್ರ ಅಳಿಯ ಅಷ್ಟೇ. ಬಂದ ಹೊಸದರಲ್ಲಿ ಯಾರೋ "ಇವರು ಯಾರು ಮೇಷ್ಟ್ರೇ, ಅಳಿಯಾನಾ?" ಎಂದು ಕೇಳಿದಾಗ ಮಾವ, "ಅಳಿಯ ಅಲ್ಲ, ಮಗಳ ಗಂಡ" ಎಂದು ಗಾದೆ ಒಗೆದು ಎಲ್ಲರನ್ನೂ ನಗಿಸಿದ್ದರು. ಆಗಲೂ ಅವನು ನಕ್ಕಿದ್ದ.

ಮಾರನೆಯ ಬೆಳಿಗ್ಗೆ ಅವನು ಕನ್ನಡಿಯ ಮುಂದೆ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ. ಮಾವ ದಿನಾ ಬೆಳಿಗ್ಗೆ ವರಾಂಡದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿಯ ಮೇಲೆ ಹತ್ತಿ ಕೂರುವುದು ಅವನಿಗೆ ಗೊತ್ತಿತ್ತು. ಹಿಸುಕಲು ಫಿಜಿಯೋಥೆರಪಿಯ ಹುಡುಗಿ ಕೊಟ್ಟ ರಬ್ಬರ್ ಚೆಂಡನ್ನು ಅವರು ಮೊದಲ ದಿನವೇ ಕಿಟಕಿಯಾಚೆ ಎಸೆದು, "ನಾನೇನು ಕೂಸಾ? ನನ್ನ ಚೆಂಡು ಇಲ್ಲಿದೆ" ಎಂದು ಕ್ಲಚ್ ಲಿವರ್ ತೋರಿಸಿದ್ದರು. ಅಂದಿನಿಂದ ಅದೇ ಅವರ ವ್ಯಾಯಾಮ. ಬಲಗೈಯಿಂದ ಎಡಗೈ ಎತ್ತಿ ಲಿವರಿನ ಮೇಲಿಡುವುದು, ಬೆರಳುಗಳನ್ನು ಒಂದೊಂದಾಗಿ ಸುತ್ತುವುದು, ಕಣ್ಣು ಮುಚ್ಚಿ ಎಳೆಯುವುದು. ಲಿವರ್ ಒಂದು ಬೆರಳಗಲ ಬಂದರೆ ಆ ದಿನ ಮನೆಯಲ್ಲಿ ಹಬ್ಬ. ಬಾರದಿದ್ದರೆ ಉಪ್ಪು ಹೆಚ್ಚಾಯಿತು, ನೀರು ತಣ್ಣಗಾಯಿತು ಎಂದು ಸಂಜೆಯವರೆಗೂ ರಂಪ. ಇಷ್ಟೆಲ್ಲ ಗೊತ್ತಿದ್ದವನಿಗೆ ಹಿಂದಿನ ಸಂಜೆ ಆ ಬಿರುಕಿಗೆ ಗ್ರೀಸು ಸವರುವಾಗ ಇದು ಮಾತ್ರ ಹೊಳೆದಿರಲಿಲ್ಲ. ಹೊಳೆಯಲಿಲ್ಲವೋ, ಹೊಳೆಯಗೊಡಲಿಲ್ಲವೋ? ಟಕ್ ಎಂದು ಸದ್ದಾಯಿತು. ಏನೋ ಬಿತ್ತು ಎಂದುಕೊಂಡ. ಆಮೇಲೆ ಒಂದು ವಿಚಿತ್ರ ಕೂಗು ಕೇಳಿ ಸೋಪು ಹಚ್ಚಿದ ಮುಖದಲ್ಲೇ ಹೊರಗೆ ಓಡಿದ. ಮಾವ ನಗುತ್ತಿದ್ದರು. ಲಕ್ವ ಹೊಡೆದ ಮೇಲೆ ಮೊದಲ ಸಲ. ಬಾಯಿಯ ಒಂದೇ ಪಕ್ಕದಿಂದ, ಕಣ್ಣಲ್ಲಿ ನೀರು ಸುರಿಸುತ್ತ, ಮುರಿದ ಲಿವರನ್ನು ಎತ್ತಿ ಹಿಡಿದು. "ಮುರೀತು! ನೋಡೇ ಮಗಳೇ, ನನ್ನ ಕೈಲಿ ಮುರೀತು!"

ಅವನು ಬಾಯಿ ತೆರೆದದ್ದಂತೂ ನಿಜ. "ಮಾವ, ಅದು..." ಎಂದೂ ಅಂದ. ಆದರೆ ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಓಡಿಬಂದು ಅಪ್ಪನನ್ನು ತಬ್ಬಿಕೊಂಡು ಅಳತೊಡಗಿದ್ದಳು. ಬಾಯೊಳಗೆ ಹೋದ ಸೋಪನ್ನು ಅವನು ಉಗುಳಿದ. ಹೇಳುವ ಮಾತಿಗೂ ಒಂದು ಗಳಿಗೆ ಇರುತ್ತದೆ. ಆ ಗಳಿಗೆ ಸೋಪಿನ ಜೊತೆ ಮೋರಿಗೆ ಹೋಯಿತು. ಅವತ್ತು ಸಂಜೆ ಹೆಂಡತಿ ಕೇಳಿದಳು, "ಅಲ್ರೀ, ಎಲ್ಲರೂ ಇಷ್ಟು ಸಂತೋಷ ಪಟ್ರು, ನೀವು ಮಾತ್ರ ಮುಖ ಊದಿಸ್ಕೊಂಡಿದ್ದೀರಿ. ಅಪ್ಪ ಹುಷಾರಾಗೋದು ನಿಮಗೆ ಬೇಡ್ವಾ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು, "ನಾನೇನು ಮಾಡಿದೆ? ನಾನೇನು ಮಾಡಿದೆ ಹೇಳು!" ಎಂದು ಕೂಗಾಡಿದ್ದ. ಅವಳು ಬೆಪ್ಪಾಗಿ ನೋಡಿದ್ದಳು.

"ಒತ್ತಿ ತಿರುಗಿಸಿ. ಮೊದಲು ಒತ್ತಬೇಕು, ಆಮೇಲೆ ತಿರುಗಿಸಬೇಕು" ಎಂದರು ಮಾವ. ಒತ್ತಿ ತಿರುಗಿಸಿದ. ಸ್ಕ್ರೂ ಕಿರ್ರೆಂದು ಬಿಟ್ಟುಕೊಂಡಿತು. ಹಳೇ ಲಿವರಿನ ಮೋಟು ತುಂಡು ಕೈಗೆ ಬಂತು. ಮಾವನಿಗೆ ಬೆನ್ನು ಮಾಡಿ ಅದನ್ನು ನೋಡಿದ. ಮುರಿದ ಮುಖದಲ್ಲಿ ಅರ್ಧ ಬೆಳ್ಳಗೆ ಸಕ್ಕರೆಯ ಹಾಗೆ ಮಿನುಗುತ್ತಿತ್ತು, ಅರ್ಧ ಕಪ್ಪಗಿತ್ತು. ಕಪ್ಪಗಿದ್ದದ್ದು ಮೊದಲೇ ಸೀಳಿದ ಭಾಗ. ಅವನ ಹೆಬ್ಬೆರಳು ಸವರಿದ ಗ್ರೀಸು ಅದರೊಳಗೆ ಇಳಿದು ಕೂತಿತ್ತು. ಇದರ ಜೋಡಿ ಮುಖ ಮಾವನ ಜೇಬಿನಲ್ಲಿ, ಕರವಸ್ತ್ರದೊಳಗೆ ಇತ್ತು. ಕಣ್ಣಿದ್ದವರು ಯಾರು ನೋಡಿದರೂ ಗೊತ್ತಾಗುವಂಥದ್ದು. ಆದರೆ ಯಾರೂ ನೋಡಿರಲಿಲ್ಲ, ಎಲ್ಲರೂ ಮಾವನ ಕೈಯನ್ನೇ ನೋಡಿದ್ದರು. ಮೋಟನ್ನು ಪ್ಯಾಂಟಿನ ಜೇಬಿಗೆ ತುರುಕಿದ.

ಹೆಂಡತಿ ಎರಡು ಲೋಟ ಚಹಾ ತಂದಳು. ಅಪ್ಪನದನ್ನು ಊದಿ ಆರಿಸಿ ಬಲಗೈಗೆ ಕೊಟ್ಟಳು, ಅವನದನ್ನು ನೆಲದ ಮೇಲೆ ಸ್ಪ್ಯಾನರ್ ಪಕ್ಕದಲ್ಲಿಟ್ಟಳು. "ಇನ್ನೂ ಎಷ್ಟು ಹೊತ್ರೀ? ಬಿಸಿಲೇರಿದ್ರೆ ಅಪ್ಪನಿಗೆ ಆಗಲ್ಲ."

"ಚೆಕ್ಕಿಂಗ್ ಮಾಡೋ ಕೈ ಅಲ್ವೇನಮ್ಮಾ, ನಿಧಾನ" ಎಂದರು ಮಾವ. "ಬೇರೆಯವರು ಮಾಡಿದ್ದನ್ನ ಸರಿಯಿಲ್ಲ ಅನ್ನೋದು ಸುಲಭ. ತಾನು ಮಾಡೋದು ಕಷ್ಟ."

ಅವಳು ನಕ್ಕಳು. ಅವನಿಗೆ ಆ ಕ್ಷಣದಲ್ಲಿ ಒಂದು ಚಿತ್ರ ಕಂಡಿತು. ಕರೆದು ತಂದದ್ದಲ್ಲ, ತಾನಾಗಿ ಬಂದದ್ದು. ಬೀದಿಯ ಕೊನೆಯ ತಿರುವು. ಮಾವ ಕ್ಲಚ್ ಹಿಡಿಯಲು ಹೋಗುತ್ತಾರೆ, ಬೆರಳು ಮುಚ್ಚುವುದಿಲ್ಲ, ಎದುರಿನಿಂದ ಬಸ್ಸು. ಹಿಂದೆ ಕೂತ ತಾನು ಆ ಚಿತ್ರದಲ್ಲಿರಲಿಲ್ಲ. ಹೇಗೋ ಮೊದಲೇ ಇಳಿದುಕೊಂಡಿದ್ದ. ಆಮೇಲಿನ ಮನೆಯೂ ಕಂಡಿತು: ಖಾಲಿ ಕುರ್ಚಿ, ಲೊಚಗುಟ್ಟದ ವರಾಂಡ, ಚಹಾ ಊದಿ ತನ್ನ ಕೈಗೆ ಕೊಡುವ ಹೆಂಡತಿ. ಥೂ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡರೂ ಆ ಮನೆ ಒಂದು ಗಳಿಗೆ ಹಾಯೆನಿಸಿದ್ದನ್ನು ಇಲ್ಲವೆನ್ನುವಂತಿರಲಿಲ್ಲ. ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದ.

ಹೊಸ ಲಿವರನ್ನು ಕೂರಿಸಿದ. ತೂತಿಗೆ ಗ್ರೀಸ್ ಹಚ್ಚಿ, ಕೇಬಲ್ಲಿನ ತುದಿಯ ಗುಂಡನ್ನು ಅದರ ಗೂಡಿಗೆ ಸೇರಿಸಿ, ಸ್ಕ್ರೂ ಇಳಿಸಿ, ಕೆಳಗಿಂದ ನಟ್ ಬಿಗಿದ. ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿದ, ಎಷ್ಟು ಸಡಿಲ ಬಿಡಬೇಕೋ ಅಷ್ಟೇ ಬಿಟ್ಟ. ಇದರಲ್ಲಿ ಮಾತ್ರ ಮೋಸ ಮಾಡಬಾರದು ಎಂದುಕೊಂಡಿದ್ದ. ನಿಜ ಹೇಳಿದರೆ ಅದೂ ಒಂದು ಹೇಡಿತನ. ತನ್ನ ಬಾಯಿ ಹೇಳಲಾರದ್ದನ್ನು ಲಿವರ್ ಹೇಳಲಿ. ಮಾವ ಎಳೆಯಲಿ, ಅದು ಬಾರದಿರಲಿ, ಅವರಿಗೇ ಅರ್ಥವಾಗಲಿ, ಸವಾರಿ ತಪ್ಪಲಿ, ತಾನು ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರಾಯಿತು. ವಾರವೆಲ್ಲ ತಲೆ ಕೆಡಿಸಿಕೊಂಡು ಕಂಡುಕೊಂಡಿದ್ದ ದಾರಿ ಇಷ್ಟೇ.

"ಆಯ್ತು ಮಾವ."

ಮಾವ ಎದ್ದರು. ಮಗಳು ಹಿಡಿಯಲು ಬಂದರೆ ಬೇಡವೆಂದು ಬಲಗೈ ಬೀಸಿದರು. ಗಾಡಿಯ ಸುತ್ತ ಒಂದು ಸಲ ಬಂದು, ಬಲಗಾಲು ಎತ್ತಿ ಸೀಟಿನ ಮೇಲೆ ಹಾಕಿ, ಕೂತು, ಬೆನ್ನು ನೆಟ್ಟಗೆ ಮಾಡಿದರು. ಕೂತ ಕೂಡಲೇ ಅವರು ಬೇರೆ ಮನುಷ್ಯರಾದರು, ಅದನ್ನು ಅವನೂ ಒಪ್ಪಬೇಕು. ಮೈದಾನದಲ್ಲಿ ಶಿಷ್ಯರ ಸಾಲಿನ ಮುಂದೆ ಕೂರುತ್ತಿದ್ದ ಹಾಗೇ ಕೂತಿದ್ದರು. ಎಡಗೈಯನ್ನು ಎತ್ತಿ ಹ್ಯಾಂಡಲಿನ ಮೇಲಿಟ್ಟುಕೊಂಡರು. ಬೆರಳುಗಳನ್ನು ಒಂದೊಂದಾಗಿ ಹೊಸ ಲಿವರಿಗೆ ಸುತ್ತಿದರು. ಎಳೆದರು. ಏನೂ ಆಗಲಿಲ್ಲ. ಉಸಿರು ಬಿಟ್ಟು ಮತ್ತೆ ಎಳೆದರು. ಕತ್ತಿನ ನರ ಉಬ್ಬಿತು, ತುಟಿಯ ಕೊನೆಯಲ್ಲಿ ಜೊಲ್ಲು ಕಾಣಿಸಿತು, ಬೂಟಿನೊಳಗಿನ ಕಾಲು ನಡುಗಿತು. ಲಿವರ್ ಅಲುಗಲಿಲ್ಲ. ಕಿರುಬೆರಳು ಮೊದಲು ಜಾರಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ಪೂರ್ತಿ ಕೈ ಜಾರಿ ಟ್ಯಾಂಕಿನ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿತ್ತು. ಎದುರುಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಳಗೆ ಹೋದರು.

ಅವನು ನೋಡಿದ್ದು ಮಾವನ ಮುಖವನ್ನಲ್ಲ, ಹೆಂಡತಿಯ ಮುಖವನ್ನು. ಅವಳು ಅಪ್ಪನ ಕೈಯನ್ನೇ ನೋಡುತ್ತಿದ್ದಳು, ಯಾರೋ ಸತ್ತ ಸುದ್ದಿ ಕೇಳಿದವಳ ಹಾಗೆ.

"ಬಿಗಿಯಾಗಿದೆ" ಎಂದರು ಮಾವ. ದನಿ ಒಡೆದಿತ್ತು. "ಬಿಗಿ ಹಾಕಿದ್ದೀರಿ ಅಳಿಯಂದ್ರೇ."

ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು. ಅದರ ಹಿಂದೆಯೇ ಉಳಿದದ್ದೆಲ್ಲ ಬಂತು: ಗೇಟು, ಮರಳು, ಬಿರುಕು, ಗ್ರೀಸು. ಈಗ ಹೇಳಬಹುದು. ಈಗ ಹೇಳಿದರೆ ಅದು ತಪ್ಪೊಪ್ಪಿಗೆ ಆಗುವುದಿಲ್ಲ, ಕೆನ್ನೆಗೆ ಬಿಟ್ಟ ಏಟಾಗುತ್ತದೆ. ಹೊಡೆಯಬೇಕೆಂದು ಅವನ ಮೈಯೆಲ್ಲ ಬಯಸಿತು. ಜೇಬಿನೊಳಗೆ ಕೈ ಹಾಕಿ ಆ ಮೋಟನ್ನು ಹಿಡಿದುಕೊಂಡ.

ಹೆಂಡತಿ ಅವನ ಹತ್ತಿರ ಬಂದಳು. ಅಪ್ಪನಿಗೆ ಕೇಳಿಸದಿರಲೆಂದು ಮೆಲ್ಲಗೆ, ಆದರೆ ಹಲ್ಲು ಕಚ್ಚಿಕೊಂಡು ಹೇಳಿದಳು: "ಬೇಕೂಂತ್ಲೇ ಮಾಡಿದ್ದೀರಿ ಅಲ್ವಾ? ಗಾಡಿ ಕೈ ಬಿಟ್ಟು ಹೋಗುತ್ತೆ ಅಂತ. ಇಷ್ಟು ಸಣ್ಣ ಮನಸ್ಸು ಅಂತ ಗೊತ್ತಿರ್ಲಿಲ್ಲ ನಂಗೆ."

ಅವಳ ಕಣ್ಣಲ್ಲಿ ಸಿಟ್ಟಿಗಿಂತ ಬೇರೆಯದೇ ಇತ್ತು. ಬೇಡಿಕೊಳ್ಳುತ್ತಿದ್ದಳು. ಹೌದು ಅನ್ನಿ, ಬೇಕೆಂದೇ ಬಿಗಿ ಮಾಡಿದೆ ಅನ್ನಿ, ನೀವು ಕೆಟ್ಟವರಾದರೂ ಪರವಾಗಿಲ್ಲ, ಅಪ್ಪನ ಕೈ ಸತ್ತಿರುವುದು ಬೇಡ. ಹತ್ತು ಮಾತಲ್ಲಿ ಹೇಳಬೇಕಾದ್ದನ್ನು ಆ ಕಣ್ಣು ಸುಮ್ಮನೆ ಹೇಳಿತು. ಅವನಿಗೆ ಅವಳ ಮೇಲೆ ಕನಿಕರವೂ ಬಂತು, ಅವಳ ಆಯ್ಕೆ ಎಷ್ಟು ಸಲೀಸಾಗಿ ಆಗಿಹೋಯಿತಲ್ಲ ಎಂದು ಹೊಟ್ಟೆಯೂ ಉರಿಯಿತು.

"ಹೌದು ಮಾವ, ಬಿಗಿಯಾಯ್ತು" ಎಂದ ಗಟ್ಟಿಯಾಗಿ. "ಹೊಸದಲ್ವಾ. ಸಡಿಲ ಮಾಡ್ತೀನಿ. ನೀವು ಒಳಗೆ ಹೋಗಿ ಮಾತ್ರೆ ತಗೊಂಡು ಬನ್ನಿ."

ಅವರು ಒಳಗೆ ಹೋದ ಮೇಲೆ ಅವನು ಕೆಲಸಕ್ಕೆ ಕೂತ. ಇಂಜಿನ್ನಿನ ಹತ್ತಿರ ಬಗ್ಗಿ ಕೇಬಲ್ಲಿನ ಇನ್ನೊಂದು ತುದಿಯನ್ನು ಅದರ ಕೊಕ್ಕೆಯಿಂದ ಕಳಚಿದ. ಅಲ್ಲಿಗೆ ಲಿವರಿಗೂ ಇಂಜಿನ್ನಿಗೂ ಸಂಬಂಧ ಕಡಿಯಿತು. ಕಳಚಿದ ತುದಿಯನ್ನು ಚೌಕಟ್ಟಿನ ಹಿಂದೆ ಕಾಣದಂತೆ ಮಡಚಿಟ್ಟ. ಮೇಲೆ ಬಂದು ನೋಡಿದರೆ ಲಿವರ್ ಒತ್ತಿದಲ್ಲೇ ಬಿದ್ದುಕೊಳ್ಳುತ್ತಿತ್ತು, ವಾಪಸು ಬರುತ್ತಿರಲಿಲ್ಲ. ಸಾಮಾನಿನ ಡಬ್ಬಿ ಕೆದಕಿ, ಕೆಟ್ಟುಹೋದ ಟಾರ್ಚಿನ ಸ್ಪ್ರಿಂಗು ತೆಗೆದು, ಒಂದು ಸುತ್ತು ಕತ್ತರಿಸಿ, ಲಿವರಿನ ಬುಡದ ಸಂದಿಯಲ್ಲಿ ಕೂರಿಸಿದ. ಒತ್ತಿದ; ಹೋಯಿತು. ಬಿಟ್ಟ, ಮೆಲ್ಲಗೆ ಬಂತು. ರಬ್ಬರ್ ಟೋಪಿ ಎಳೆದು ಮುಚ್ಚಿದ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಅವನ ಕೈಯಿಂದ ಅಲ್ಲಿಯವರೆಗೆ ಆದ ಕೆಲಸಗಳಲ್ಲೆಲ್ಲ ಇದೇ ಅಚ್ಚುಕಟ್ಟಾದದ್ದು. ಇನ್ನು ಈ ಗಾಡಿಯನ್ನು ಯಾರೂ ಓಡಿಸುವಂತಿರಲಿಲ್ಲ. ಅಷ್ಟಕ್ಕೇ ಅವನಿಗೆ ಹಗುರವೆನಿಸಿತು. ಓಡುವುದಿಲ್ಲ, ಬೀಳುವುದಿಲ್ಲ. ಸ್ಟಾರ್ಟ್ ಮಾಡಲು ಹೋದಾಗ ಏನೋ ಕೆಟ್ಟಿದೆ ಎಂದು ಒಂದು ಸುಳ್ಳು ಹೇಳಿದರಾಯಿತು. ಕೀಲಿಕೈ ತನ್ನ ಹತ್ತಿರವೇ ಇದೆ.

ಮಾವ ಬಂದರು. ಈ ಸಲ ಮಗಳ ಭುಜ ಹಿಡಿದುಕೊಂಡು ಬಂದರು. ಗಾಡಿ ಹತ್ತಿದರು, ಎಡಗೈ ಎತ್ತಿಟ್ಟುಕೊಂಡರು, ಬೆರಳು ಸುತ್ತಿದರು. ಒತ್ತಿದರು.

ಲಿವರ್ ಹ್ಯಾಂಡಲಿಗೆ ತಾಗಿತು. ಟಕ್.

"ಅಪ್ಪಾ!" ಎಂದು ಮಗಳು ಚಪ್ಪಾಳೆ ತಟ್ಟಿದಳು. "ಪೂರ್ತಿ ಬಂತು! ಇನ್ನೊಂದ್ಸಲ, ಇನ್ನೊಂದ್ಸಲ ಮಾಡಿ!"

ಮಾವ ಇನ್ನೊಂದು ಸಲ ಮಾಡಲಿಲ್ಲ. ಕೈ ಲಿವರಿನ ಮೇಲೇ ಇತ್ತು. ಮುಖದ ಮೇಲೆ ಅರ್ಧ ಎದ್ದಿದ್ದ ನಗು ಅಲ್ಲೇ ನಿಂತಿತ್ತು. ಆಗ ಅವನಿಗೆ ಹೊಳೆಯಿತು. ಇವರು ಕ್ಲಚ್ ಮೇಷ್ಟ್ರು. ಜೀವಮಾನವೆಲ್ಲ ಬೇರೆಯವರ ಬೆರಳ ಕೆಳಗಿನ ಕೇಬಲ್ಲು ಎಷ್ಟು ಎಳೆಯುತ್ತಿದೆ ಎಂದು ದೂರದಿಂದಲೇ ನೋಡಿ ಹೇಳಿದವರು. ಏನೂ ಕಟ್ಟಿರದ ಲಿವರು ಅವರ ಕೈಗೆ ಗೊತ್ತಾಗದೆ ಇರುತ್ತದೆಯೇ? ಸತ್ತ ಕೈಗಾದರೂ? ಇಷ್ಟು ಸಣ್ಣ ವಿಷಯ ಯೋಚಿಸದೆ ಟಾರ್ಚಿನ ಸ್ಪ್ರಿಂಗು ಕತ್ತರಿಸುತ್ತ ಹೆಮ್ಮೆಪಟ್ಟಿದ್ದೆನಲ್ಲ! ಮಾವ ನಿಧಾನವಾಗಿ ತಲೆ ತಿರುಗಿಸಿ ಅವನನ್ನು ನೋಡಿದರು. ಬೈಗುಳ ಬರುತ್ತದೆ ಎಂದುಕೊಂಡ. ಬರಲಿ, ಬಂದರೆ ಎಲ್ಲ ಹೊರಬೀಳುತ್ತದೆ, ಮುಗಿದುಹೋಗುತ್ತದೆ. ಲೊಚಗುಟ್ಟಲಿ ಎಂದು ಮೊದಲ ಸಲ ಬಯಸಿದ.

ಮಾವ ಮಗಳ ಕಡೆ ತಿರುಗಿದರು. "ಈಗ ಸರಿಹೋಯ್ತು ಕಣಮ್ಮಾ" ಎಂದರು.

"ಹಾಗಾದ್ರೆ ಹೊರಡಿ, ಒಂದು ರೌಂಡ್! ಏನ್ರೀ ನಿಂತಿದ್ದೀರಿ, ಕೀಲಿಕೈ ತನ್ನಿ."

"ಇವತ್ತು ಬೇಡ. ಬಿಸಿಲೇರಿತು." ಮಾವ ಬಲಗಾಲು ಎತ್ತಿ ಇಳಿದರು. "ನನಗೊಂದು ಲೋಟ ನೀರು ಕೊಡು, ಹೋಗು."

ಅವಳು ಒಳಗೆ ಹೋಗುವುದನ್ನೇ ನೋಡುತ್ತಿದ್ದರು. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು, ಬಲಗೈಯಲ್ಲೇ ಮಡಿಕೆ ಬಿಚ್ಚಿ, ಆ ಮುರಿದ ಲಿವರನ್ನು ಅವನ ಮುಂದೆ ಹಿಡಿದರು. ಕರವಸ್ತ್ರದಲ್ಲಿ ಒಂದು ಕಡೆ ಗ್ರೀಸಿನ ಕಪ್ಪು ಕಲೆ ಮೂಡಿತ್ತು.

"ತಗೋ" ಎಂದರು. "ಇದು ನಿಂದು."

ಅವನು ತೆಗೆದುಕೊಂಡ. ಯಾವಾಗಿನಿಂದ ಗೊತ್ತು ಎಂದು ಕೇಳಬೇಕೆನಿಸಿತು. ಇವತ್ತು ಕೈ ಜಾರಿದ ಮೇಲೆ ಒಳಗೆ ಮಾತ್ರೆ ನುಂಗುತ್ತ ಬಿಚ್ಚಿ ನೋಡಿದರೇ? ಅಥವಾ ಮೊದಲ ದಿನವೇ ನೋಡಿ, ಇವನಾಗಿ ಬಾಯಿ ಬಿಡುತ್ತಾನೋ ಎಂದು ವಾರವೆಲ್ಲ ಕಾದರೇ? ಆ ನಗು, ಹಾಲಿನವನ ಮುಂದಿನ ಆ ಜಂಬ, ಅದೆಲ್ಲ? ಮಾವ ಕುರ್ಚಿಗೆ ಹೋಗಿ ಕೂತು, ಬಗ್ಗಿ, ಒಂದೇ ಕೈಯಲ್ಲಿ ಬೂಟಿನ ಲೇಸು ಬಿಚ್ಚಲು ಒದ್ದಾಡತೊಡಗಿದರು. ಅವನು ಸಹಾಯಕ್ಕೆ ಹೋಗಲಿಲ್ಲ. ಹೋಗುವ ಮುಖ ಉಳಿದಿರಲಿಲ್ಲ.

"ನೋಡಿ, ನಿಮ್ಮಿಂದ" ಎಂದಳು ಹೆಂಡತಿ, ನೀರು ತಂದವಳು. "ಇಷ್ಟು ಹೊತ್ತು ಸತಾಯಿಸಿದ್ರಿ, ಅಪ್ಪನ ಉತ್ಸಾಹವೇ ಹೊರಟುಹೋಯ್ತು."

ಮಾರನೆಯ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಅವನು ಹೊರಗೆ ಬಂದಾಗ ಮಾವ ಗಾಡಿಯ ಮೇಲೆ ಕೂತಿದ್ದರು. ಮಗಳು ಕಂಬಕ್ಕೆ ಒರಗಿ ನಿಂತು ಎಣಿಸುತ್ತಿದ್ದಳು. ಪ್ರತಿ ಎಣಿಕೆಗೂ ಮಾವ ಲಿವರನ್ನು ಪೂರ್ತಿ ಒತ್ತುತ್ತಿದ್ದರು, ಬಿಡುತ್ತಿದ್ದರು. ಹಣೆಯ ಮೇಲೆ ಬೆವರು ಬಂದಂತೆ ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದರು. ಬೆವರು ಇರಲಿಲ್ಲ. ಅವನು ಮೆಟ್ಟಿಲಿಳಿದು ಗೇಟಿನ ಕಡೆ ನಡೆದ.

"ಯಾಕ್ರೀ, ಗಾಡಿ ತಗೊಂಡು ಹೋಗಲ್ವಾ?"

"ಬಸ್ಸಲ್ಲಿ ಹೋಗ್ತೀನಿ. ಗಾಡಿ ಇಲ್ಲೇ ಇರ್ಲಿ. ಮಾವನಿಗೆ ಬೇಕಾಗುತ್ತೆ."

ಅವಳು ಗೇಟಿನವರೆಗೆ ಬಂದಳು. ಅವನ ಅಂಗಿಯ ಕಾಲರನ್ನು ಸರಿಮಾಡಿದಳು. ಹಾಗೆ ಮಾಡಿ ವರ್ಷಗಳೇ ಆಗಿದ್ದವು. "ನಿನ್ನೆ ಏನೇನೋ ಅಂದುಬಿಟ್ಟೆ, ಮನಸ್ಸಲ್ಲಿ ಇಟ್ಕೋಬೇಡಿ" ಎಂದಳು. "ಸ್ವಂತ ಮಗ ಇದ್ದಿದ್ರೂ ಅಪ್ಪನಿಗೆ ಇಷ್ಟು ಮಾಡ್ತಿರ್ಲಿಲ್ಲ." ಅವಳ ಕಣ್ಣು ತುಂಬಿತ್ತು. ಅವಳ ಹೆಗಲಾಚೆ ಮಾವ ಈ ಕಡೆ ನೋಡದೆ ಒತ್ತುತ್ತಿದ್ದರು, ಬಿಡುತ್ತಿದ್ದರು. ಅವನು ತನ್ನ ಹಳೇ ರೋಗದಂತೆ ನಕ್ಕ, ಬಸ್ಸಿಗೆ ಹೊತ್ತಾಯಿತೆಂದು ಹೊರಟ.